ಎದ್ದು ನಿಂತ ತಪ್ಪಿಗೆ

ನನ್ನ ಹೆಂಡತಿ ಅರ್ಧ ಕಿಟಕಿಯ ಹೊರಗಿದ್ದಳು.

ಮೂರನೇ ಮಹಡಿ. ಕೆಳಗೆ ಕಾಂಕ್ರೀಟು. ಅವಳ ಕಾಲಡಿಯ ಸ್ಟೂಲ್ ಉರುಳಿತ್ತು. ಕಟ್ಟಲು ಹೋಗಿದ್ದ ಪರದೆ ಕಿತ್ತು ಕೈಗೆ ಬಂದಿತ್ತು. ಇನ್ನೊಂದು ಕೈ ಚೌಕಟ್ಟಿನಿಂದ ಜಾರುತ್ತಿತ್ತು...

ನಾನು ಗಾಲಿಕುರ್ಚಿಯಲ್ಲಿದ್ದೆ. ಎದುರು ಬೀದಿಯಲ್ಲಿ ಬಿಳಿ ವ್ಯಾನ್. ವ್ಯಾನಿನಲ್ಲಿ ಕ್ಯಾಮೆರಾ. ಕ್ಯಾಮೆರಾದ ಹಿಂದೆ ಗೂಬೆ.

ಎದ್ದರೆ ನಾನು ಕೆಟ್ಟೆ. ಏಳದಿದ್ದರೆ ಅವಳು ಹೋದಳು.

ಎದ್ದೆ.

ಸೊಂಟಕ್ಕೆ ಕೈ ಹಾಕಿ ಒಳಗೆ ಎಳೆದುಕೊಂಡೆ. ಬೆನ್ನಿನಲ್ಲಿ ಬೆಂಕಿ ಹತ್ತಿಕೊಂಡಿತು. ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ಎದ್ದಳು. ನಾನು ಏಳಲಿಲ್ಲ.

“ಅವನು ನೋಡಿದ್ನಾ?” ಎಂದಳು.

“ನೋಡೋದೇ ಅವನ ಕೆಲಸ.”

ನಿಮಗೆ ಹಿಂದಿನದನ್ನು ಹೇಳಿಬಿಡುತ್ತೇನೆ. ಅಂಗವೈಕಲ್ಯವಿದೆ ಎಂದು ಸರ್ಕಾರಿ ಆರೋಗ್ಯ ಕಾರ್ಡಿಗೆ ಅರ್ಜಿ ಹಾಕುವವರಲ್ಲಿ ನಾಟಕವಾಡುವವರನ್ನು ಹಿಡಿಯುವುದು ನನ್ನ ಕಸುಬಾಗಿತ್ತು. ಗೂಬೆ ನನ್ನ ಜೊತೆಗಾರ. ಕಣ್ಣು ಮಿಟುಕಿಸದೆ ಗಂಟೆಗಟ್ಟಲೆ ಕಾಯುತ್ತಾನೆಂದು ಆ ಹೆಸರಿಟ್ಟವನೂ ನಾನೇ. ಒಂದು ದಿನ ಕಾಂಪೌಂಡ್ ಗೋಡೆ ಹತ್ತಿ ಯಾರದ್ದೋ ವಿಡಿಯೋ ತೆಗೆಯುವಾಗ ಬಿದ್ದೆ. ಬೆನ್ನುಮೂಳೆ ಜಜ್ಜಿಹೋಯಿತು. ನಾನು ಕಾಂಟ್ರಾಕ್ಟ್ ಮೇಲಿದ್ದವನು. ಇಲಾಖೆ ಕೈ ತೊಳೆದುಕೊಂಡಿತು. ಆಪರೇಷನ್ ಆಗಲೇಬೇಕಿತ್ತು. ಕಾರ್ಡ್ ಇಲ್ಲದವನನ್ನು ಆಸ್ಪತ್ರೆಯವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಾನೂ ಅರ್ಜಿ ಹಾಕಿದೆ.

ಇಲಾಖೆಯವರು ನನ್ನ ಹಿಂದೆ ಗೂಬೆಯನ್ನು ಬಿಟ್ಟರು.

ಅಂದಿನಿಂದ ಮನೆಯೇ ಬೋನು. ಆಕಳಿಸಲೂ ಯೋಚಿಸುತ್ತಿದ್ದೆ. ನೋವು ಕಡಿಮೆಯಿದ್ದ ದಿನ ಗೋಡೆ ಹಿಡಿದು ಒಂದೆರಡು ಹೆಜ್ಜೆ ಇಡಬಲ್ಲೆ; ಡಾಕ್ಟರೇ ಹಾಗೆ ಬರೆದುಕೊಟ್ಟಿದ್ದರು. ಆದರೆ ವಿಡಿಯೋದಲ್ಲಿ ನೋವು ಕಾಣುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಹೆಂಡತಿಯೇ ರೋಸಿಹೋಗಿ ಪರದೆ ಕಟ್ಟಲು ಸ್ಟೂಲ್ ಹತ್ತಿದ್ದಳು.

ಬಾಗಿಲು ಬಡಿದ ಸದ್ದು. ಗೂಬೆ. ಏದುಸಿರು ಬಿಡುತ್ತಿದ್ದ.

“ಅತ್ತಿಗೆಗೆ ಏಟಾಯ್ತಾ?”

“ಇಲ್ಲ. ರೆಕಾರ್ಡ್ ಆಯ್ತಾ?” ನೆಲದಿಂದಲೇ ಕೇಳಿದೆ.

“ಆಯ್ತು.”

“ನಾನು ಬಿದ್ದದ್ದು?”

“ಕಿಟಕಿಯಿಂದ ಕೆಳಗೆ ಕಾಣಲ್ಲ, ಅಣ್ಣ. ನಿಂತಿದ್ದಷ್ಟೇ ಇದೆ.”

“ಅಳಿಸು.”

“ಅದು ತಾನಾಗೇ ಆಫೀಸಿಗೆ ಹೋಗಿರುತ್ತೆ. ನನಗೂ ಹೆಂಡತಿ ಮಕ್ಕಳಿದ್ದಾರೆ...”

ನನ್ನವಳು ಅಡ್ಡ ನಿಂತಳು. “ಆ ಮಕ್ಕಳಿಗೆ ಇದೇ ಮನೇಲಿ ತುತ್ತು ಹಾಕಿದೀನಿ. ಮಾತು ಸಾಕು. ಕೈ ಹಿಡಿ, ಇವರನ್ನ ಎತ್ತಬೇಕು.”

ಎತ್ತಿದ. ನನ್ನ ಕಾಲುಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಅವತ್ತು ಮೊದಲ ಸಲ ಗೂಬೆಯ ಕಣ್ಣು ಮಿಟುಕಿತು.

ವಿಚಾರಣೆಯ ದಿನ ಅಧಿಕಾರಿ ವಿಡಿಯೋ ಹಾಕಿಸಿದರು. ಪರದೆಯ ಮೇಲೆ ನಾನು ಎದ್ದು ನಿಂತೆ. ಚಿತ್ರವೂ ಅಲ್ಲೇ ನಿಂತಿತು.

“ನಿಂತಿದ್ದೀರಲ್ಲ?”

“ಹೆಂಡತಿ ಬೀಳ್ತಿದ್ಲು, ಸರ್.”

“ನಾನು ಕೇಳಿದ್ದು ಅದಲ್ಲ. ನಿಂತಿದ್ದೀರೋ ಇಲ್ವೋ?”

“ನಿಂತಿದ್ದೀನಿ.”

ಹಿಂದೆ ಕುರ್ಚಿ ಸರಿದ ಸದ್ದು.

“ಆಮೇಲೆ ಏನಾಯ್ತು ಅಂತ ನಾನು ಹೇಳ್ತೀನಿ, ಸರ್.” ಗೂಬೆಯ ದನಿ.

“ನಿನ್ನ ಯಾರೂ ಕೇಳಲಿಲ್ಲ. ಕೂತ್ಕೋ.”

ಅವನು ಕೂರಲಿಲ್ಲ. “ಬಿದ್ರು, ಸರ್. ನೆಲದಿಂದ ಎತ್ತಿದ್ದು ನಾನೇ. ಸೊಂಟದ ಕೆಳಗೆ ಜೀವ ಇರ್ಲಿಲ್ಲ. ನನ್ನ ಮಾತು ಬೇಡ ಅಂದ್ರೆ ಬಿಡಿ... ಇಷ್ಟು ವರ್ಷ ನನ್ನ ಮಾತು ನಂಬಿ ನೀವು ತಳ್ಳಿಹಾಕಿದ ಅರ್ಜಿಗಳನ್ನೂ ಮತ್ತೆ ತೆಗೆದು ನೋಡ್ಬೇಕಾಗುತ್ತೆ.”

ಅಧಿಕಾರಿ ನೀರು ಕುಡಿದರು. ನಿಧಾನವಾಗಿ, ಲೋಟ ಖಾಲಿಯಾಗುವವರೆಗೆ.

ಕಾರ್ಡ್ ಬಂತು. ಒಂದು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ಪರಿಶೀಲನೆ. ಗೂಬೆಯ ಕೆಲಸ ಹೋಯಿತು. ನನ್ನ ಆಪರೇಷನ್ ಆಯಿತು.

“ದಿನಾ ಎದ್ದು ನಿಲ್ಲೋ ಅಭ್ಯಾಸ ಮಾಡಿ,” ಎಂದರು ಡಾಕ್ಟರು. “ಇಲ್ಲಾಂದ್ರೆ ಇರೋ ಶಕ್ತಿನೂ ಹೋಗುತ್ತೆ.”

ಇವತ್ತು ಬೆಳಿಗ್ಗೆ ಮಂಚದ ಕಂಬಿ ಹಿಡಿದು ಎದ್ದೆ. ಕಾಲುಗಳು ನಡುಗಿದರೂ ತಡೆದುಕೊಂಡವು. ಹೆಂಡತಿಯ ಕಣ್ಣು ತುಂಬಿತು. ಹೊರಗೆ ನೋಡಿದೆ. ಬೀದಿಯಲ್ಲಿ ಬೂದು ಬಣ್ಣದ ವ್ಯಾನ್.

ಮೆಲ್ಲಗೆ ಕೂತೆ.

ಈ ಸಲದವನು ಹೊಸಬ. ಗಾಡಿ ತಂದು ನೇರ ಬಿಸಿಲಿಗೇ ನಿಲ್ಲಿಸಿದ್ದಾನೆ, ಪಾಪ.