ಬುರುಜು ಮುಗಿಯಲಿ ಎಂದವರು

ಮೇಸ್ತ್ರಿ ತೀರಿಹೋದ ಸುದ್ದಿ ನನಗೆ ತಿಳಿದದ್ದು ಕೋಟೆಯ ಟಿಕೆಟ್ ಕಿಟಕಿಯ ಬಳಿ. ಅವರ ತಮ್ಮ ಬೆಟ್ಟ ಹತ್ತಿ ಬಂದು ಏದುಸಿರು ಬಿಡುತ್ತ ಹೇಳಿದ: “ಗೈಡಮ್ಮಾ, ಬೆಳಿಗ್ಗೆ ಅಣ್ಣ ಏಳಲೇ ಇಲ್ಲ.”

“ಏಳದೆ ಏನು ಮಾಡ್ತಾರೆ? ಇವತ್ತು ಸುಣ್ಣ ಕಲಸಬೇಕು,” ಎಂದು ಗದರಿದೆ.

ಅವನು ತಲೆ ತಗ್ಗಿಸಿದ. ಆಗ ಅರ್ಥವಾಯಿತು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಸಾವಿನ ಮೇಲಲ್ಲ, ಆ ಮನುಷ್ಯನ ಮೇಲೆ.

ನಮ್ಮ ಪರಿಚಯವಾದದ್ದೂ ಜಗಳದಲ್ಲೇ. ಈ ಕೋಟೆ ಒಬ್ಬ ಅಮೀರ, ಅಂದರೆ ಮುಸ್ಲಿಂ ದೊರೆ, ನೂರಾರು ವರ್ಷದ ಹಿಂದೆ ಗಡಿ ಕಾಯಲು ಕಟ್ಟಿಸಿದ್ದು. ಮಣ್ಣಿಗೆ ಸುಣ್ಣ ಬೆರೆಸಿ, ಹಲಗೆಗಳ ನಡುವೆ ಸುರಿದು, ಗುದ್ದಿ ಗುದ್ದಿ ಎಬ್ಬಿಸಿದ ಗೋಡೆ. ಹಲಗೆ ಹೊತ್ತಿದ್ದ ಅಡ್ಡಮರಗಳು ಕೊಳೆತುಹೋಗಿ ಸಾಲುಸಾಲು ತೂತು ಉಳಿದಿವೆ. ಕುಸಿದ ಬುರುಜಿನ ರಿಪೇರಿಗೆ ಬಂದ ಮೊದಲ ವಾರವೇ ಮೇಸ್ತ್ರಿ ಒಂದು ಸಾಲನ್ನು ನುಣ್ಣಗೆ ಮುಚ್ಚಿಬಿಟ್ಟಿದ್ದರು.

“ಯಾರ್ರೀ ಇದನ್ನ ಮುಚ್ಚಿದ್ದು?”

“ನಾನೇ. ಇಲಿ ಬಿಲ ಇದ್ದ ಹಾಗಿತ್ತು.”

“ಇಲಿಗಳು ಟೇಪ್ ಹಿಡ್ಕೊಂಡು ಬಿಲ ತೋಡ್ತವಾ? ಕಟ್ಟಿದವರ ಗುರುತು ಅದು. ತೆಗೀರಿ!”

ಅವರು ಉಳಿ ಎತ್ತಿಕೊಂಡರು. ರೆಪ್ಪೆಯ ಮೇಲೆ ಬಿಳಿ ಪುಡಿ. ಅದರಡಿಯಿಂದ ಓರೆಯಾಗಿ ನೋಡಿ, “ಈ ಕೋಪ ಟಿಕೆಟ್ ಜೊತೆ ಫ್ರೀನಾ?” ಎಂದರು.

ನನಗೆ ಐವತ್ತು ದಾಟಿತ್ತು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಆ ವಯಸ್ಸಿನಲ್ಲಿ ಕೆನ್ನೆ ಬಿಸಿಯಾದದ್ದಕ್ಕೂ ಅವರ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ನಾನು ಪ್ರವಾಸಿಗರಿಗೆ ಕಥೆ ಹೇಳುವಾಗ ಅವರು ನೆರಳಲ್ಲಿ ಕೂತು ಕೇಳುತ್ತಿದ್ದರು. ಮುತ್ತಿಗೆಯ ನಡುವೆ ನೀರಿನ ತೊಟ್ಟಿ ಬಿರುಕುಬಿಟ್ಟು ಕೋಟೆ ಶರಣಾದದ್ದು, ಗೆದ್ದವರು ನಮಾಜಿನ ಕೋಣೆಯಲ್ಲಿ ಕುದುರೆ ಕಟ್ಟಿದ್ದು, ಆಮೇಲೆ ಕೆಳಗಿನ ಊರವರು ತಮ್ಮ ಮನೆಗೆ ಕಲ್ಲು ಹೊತ್ತುಕೊಂಡು ಹೋದದ್ದು.

“ಕುದುರೆ ವಿಷಯ ಬಂದಾಗಲೆಲ್ಲ ನನ್ನನ್ನೇ ದುರುಗುಟ್ಟಿ ನೋಡ್ತೀರಿ. ಅವು ನನ್ನ ಕುದುರೆಗಳಲ್ಲ ಕಣ್ರೀ!” ಎಂದರು ಒಮ್ಮೆ.

ನಕ್ಕುಬಿಟ್ಟೆ. ನಕ್ಕದ್ದೇ ತಪ್ಪಾಯಿತು. ಮರುದಿನದಿಂದ ಅವರ ಹೆಜ್ಜೆ ಸದ್ದಿಗೆ ಕಿವಿ ಕಾಯತೊಡಗಿತು.

“ಬುರುಜು ಮುಗೀಲಿ. ನಮ್ಮಕ್ಕನಿಗೆ ಹೇಳಿ ಮದುವೆ ಆಗೋಣ,” ಎಂದರು ಒಂದು ಸಂಜೆ.

“ಯಾವಾಗ ಮುಗಿಯುತ್ತೆ?”

“ಕೆಳಗಿನ ವರಸೆ ಒಣಗದೆ ಮೇಲಿನದು ಹಾಕೋ ಹಾಗಿಲ್ಲ. ಹಸಿ ಗೋಡೆ ಮೇಲೆ ಭಾರ ಬಿದ್ದರೆ ಕುಸಿಯುತ್ತೆ.”

ಅಮ್ಮನಂತೆ ಸಾಕಿದ ಅಕ್ಕನ ಮನಸ್ಸನ್ನೂ ಅವರು ಹಸಿ ಗೋಡೆಯೆಂದೇ ತಿಳಿದಿದ್ದರು. ಪ್ರತಿ ಮಳೆಗಾಲ ಕೆಲಸ ನಿಲ್ಲುತ್ತಿತ್ತು, ನಮ್ಮ ಮಾತೂ ನಿಲ್ಲುತ್ತಿತ್ತು. ವರ್ಷಗಳು ಹಾಗೆಯೇ ಸರಿದವು. ತೀರಿಹೋಗುವ ಹಿಂದಿನ ಸಂಜೆಯೂ ನಾನು ರೇಗಿದ್ದೆ: “ನಿಮ್ಮಕ್ಕ ಗೋಡೆ ಅಲ್ಲ, ಮನುಷ್ಯಳು! ಒಂದು ಸಲ ಕೇಳಿ ನೋಡಿ.”

“ನಾಳೆ ಹೇಳ್ತೀನಿ,” ಎಂದು ನಗುತ್ತ ಇಳಿದು ಹೋದರು.

ಸುದ್ದಿ ತಿಳಿದು ನಾನು ಹೋದಾಗ ಅವರ ಮನೆಯ ಹಜಾರದಲ್ಲಿ ನೆಂಟರು ತುಂಬಿದ್ದರು. “ಮನೆಯವರು ಮಾತ್ರ ಒಳಗೆ,” ಎಂದರು ಯಾರೋ. ಹೊಸಿಲಾಚೆ ಕೂತರೆ ಕೊನೆಯವರೆಗೂ ನಾನು ಟಿಕೆಟ್ ಹರಿಯುವ ಗೈಡಮ್ಮನೇ. ಒಳಗೆ ನಡೆದೆ.

ಮೇಸ್ತ್ರಿಯ ತಲೆಯ ಬಳಿ ಕೂತಿದ್ದ ಅಕ್ಕ ಕತ್ತೆತ್ತಿದರು. “ಯಾರಮ್ಮಾ ನೀನು?”

“ನಿಮ್ಮ ತಮ್ಮನ್ನ ಮದುವೆ ಆಗಬೇಕಿದ್ದವಳು. ಹೇಳ್ತೀನಿ ಹೇಳ್ತೀನಿ ಅಂತ ಹೇಳದೇ ಹೋದರು. ಅದಕ್ಕೆ ನಾನೇ ಹೇಳ್ತಿದ್ದೀನಿ.”

ಅಕ್ಕ ನನ್ನನ್ನು ದಿಟ್ಟಿಸಿದರು. ಬಳಿಕ ತಮ್ಮನ ಮುಖದತ್ತ ತಿರುಗಿ, “ಪುಕ್ಕಲಾ! ಹೇಳಿದ್ರೆ ನಾನೇನು ನಿನ್ನ ತಿಂದುಬಿಡ್ತಿದ್ನೇನೋ?” ಎಂದು ರೇಗಿದರು. ರೇಗುತ್ತಲೇ ಬಿಕ್ಕಿದರು. ಪಕ್ಕಕ್ಕೆ ಸರಿದು ನೆಲ ತಟ್ಟಿದರು.

“ಬಾ, ಇಲ್ಲಿ ಕೂತ್ಕೋ.”

ಕೂತೆ. ಎಲ್ಲರೆದುರು ಮೊದಲ ಸಲ ಮೇಸ್ತ್ರಿಯ ಕೈ ಹಿಡಿದೆ. ತಣ್ಣಗಿತ್ತು.

ದೇವರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದು ನನ್ನ ಬಳಿಯೇ ಇರಲಿ, ಅವರ ಹಿಂದೆ ಬರುವುದು ಬೇಡ. ಅವರು ಅಂಜುವ ಜೀವ, ನಿನ್ನ ಬಾಗಿಲಲ್ಲೂ ಮಾತಾಡದೆ ನಿಂತಿರುತ್ತಾರೆ. ನೀನೇ ಕರೆದು ಒಳಗೆ ಕೂರಿಸಿಕೋ. ಕಾಯಿಸಬೇಡ. ಆ ಜೀವಕ್ಕೆ ಶಾಂತಿ ಕೊಡು.