ಬಲಗಾಲಿನ ಗೇರ್

"ಒಂದು ಬೈಕ್ ಕಟ್ಟಿಕೊಡ್ಲಿಕ್ಕೆ ಆಗ್ತದಾ?"

ಆ ದನಿ ಕೇಳಿದ್ದೇ ತಡ, ಲಕ್ಷಿತ್‌ನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಬನ್ನಂಜೆಯ ಅವನ ಗ್ಯಾರೇಜಿನ ಬಾಗಿಲಲ್ಲಿ ಮೋಕ್ಷಾ ನಿಂತಿದ್ದಳು.

ಎರಡು ವರ್ಷದ ಹಿಂದೆ ಕಾಪುವಿನಿಂದ ಬರುವಾಗ ಅವನ ಬೈಕಿನ ಹಿಂದೆ ಕೂತಿದ್ದವಳು. ನಾಯಿಯೊಂದು ಅಡ್ಡ ಬಂದು ಇಬ್ಬರೂ ಬಿದ್ದರು. ಅವನಿಗೆ ಮೊಣಕೈ ತರಚಿತು. ಅವಳ ಎಡಗಾಲಿನ ನರಕ್ಕೇ ಪೆಟ್ಟಾಯಿತು. ಲಕ್ಷಿತ್ ಒಂಬತ್ತು ದಿನ ಆಸ್ಪತ್ರೆಯ ವಾರ್ಡಿನ ಬಾಗಿಲಿನವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ಹಿಂತಿರುಗಿದ್ದ. ಆಮೇಲೆ ಅವಳ ಫೋನನ್ನೂ ಎತ್ತಲಿಲ್ಲ.

"ಬೈಕ್... ನಿಮಗಾ?"

ಮೋಕ್ಷಾ ಹುಬ್ಬೇರಿಸಿದಳು. "ನಾನು ನಿನಗೆ 'ನೀವು' ಆದದ್ದು ಯಾವಾಗ ಮಾರಾಯ?"

ಅವನ ಕಿವಿ ಬಿಸಿಯಾಯಿತು. ಅವಳ ಕಣ್ಣಂಚಿನ ಆ ತುಂಟತನ ಹಾಗೆಯೇ ಇತ್ತು. ಅದಕ್ಕಾಗಿ ಎಷ್ಟು ಕಾದಿದ್ದೆನೆಂದು ಅವನಿಗೆ ಈಗಷ್ಟೇ ತಿಳಿಯಿತು.

"ಸ್ಕೂಟರ್ ಉಂಟಲ್ಲ ನಿನಗೆ?"

"ಉಂಟು. ಆದರೆ ಗೇರ್ ಬೈಕ್ ಓಡಿಸ್ಲಿಕ್ಕೆ ಕಲಿಸಿದವ ನೀನೇ. ಆ ಆಸೆ ಬಿಡ್ಲಿಕ್ಕೆ ಕಲಿಸಲಿಲ್ಲ. ಓಡಿಸಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಹಳೆ ಬುಲೆಟ್ ತೆಗೊಳ್ಳುವುದಾ, ಹೊಸ ಬೈಕಾ? ಅದೊಂದು ಹೇಳು."

"ಹೊಸತು," ಅವನು ತಡಮಾಡಲಿಲ್ಲ. "ಬ್ರೇಕಿಗೆ ಎಬಿಎಸ್ ಉಂಟು, ಸೆಲ್ಫ್ ಸ್ಟಾರ್ಟ್ ಉಂಟು. ಹಳೆಯದರ ಬ್ರೇಕ್ ನಂಬ್ಲಿಕ್ಕಾಗುವುದಿಲ್ಲ."

ಭಾನುವಾರ ಬೆಳಿಗ್ಗೆ ಮಣಿಪಾಲದ ಖಾಲಿ ಮೈದಾನಕ್ಕೆ ಅವನು ಗಿರಾಕಿಯೊಬ್ಬರ ಹೊಸ ಬೈಕನ್ನು ಕೇಳಿ ತಂದ. ಮೋಕ್ಷಾ ಹತ್ತಿ ಕೂತಳು. ಮೊದಲ ಗೇರ್ ಸುಲಭವಾಗಿ ಬಿತ್ತು. ಎರಡನೆಯದಕ್ಕೆ ಎಡಪಾದದ ತುದಿಯನ್ನು ಮೇಲೆತ್ತಬೇಕು. ಅದು ಏಳಲಿಲ್ಲ. ಹಿಮ್ಮಡಿಯಿಂದ ಒತ್ತಲು ನೋಡಿದಳು, ಪಾದ ಅದಕ್ಕೂ ಹೊರಳಲಿಲ್ಲ. ಇಡೀ ಕಾಲನ್ನೇ ಎತ್ತಿದಾಗ ಲಿವರ್ ತಪ್ಪಿ, ಬೈಕ್ ಜಗ್ಗಿ ಆಫ್ ಆಗಿ, ಒಂದು ಬದಿಗೆ ವಾಲಿತು. ಲಕ್ಷಿತ್ ಓಡಿ ಬಂದು ಹ್ಯಾಂಡಲ್ ಹಿಡಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಬೇಡ ಮೋಕ್ಷಾ. ನನ್ನಿಂದ ಆಗುವುದಿಲ್ಲ. ಬೇರೆಯವರನ್ನು ನೋಡು."

"ಬೇರೆ ಗ್ಯಾರೇಜಾ, ಬೇರೆ ಹುಡುಗನಾ?"

ಅವನು ಬಗ್ಗಿ ಬೈಕಿನ ಸ್ಟ್ಯಾಂಡ್ ಹಾಕಿದ.

"ಕಾಲು ಸರಿ ಇಲ್ಲ ಅಂತ ನೀನು ಬಿಟ್ಟು ಹೋದೆ ಅಂತ ಎಲ್ಲರೂ ಹೇಳಿದರು. ನಾನು ನಂಬಲಿಲ್ಲ," ಎಂದಳು ಮೋಕ್ಷಾ. ಅವಳು ಬೈಕಿನಿಂದ ಇಳಿದಳು. "ಇವತ್ತು ನಂಬಬೇಕಾ?"

ಉತ್ತರಕ್ಕೆ ಕಾಯದೆ ಸ್ಕೂಟರ್ ಹತ್ತಿ ಹೊರಟುಹೋದಳು.

ಆ ಇಡೀ ದಿನ ಲಕ್ಷಿತ್ ಗ್ಯಾರೇಜಿನಲ್ಲಿ ಸುಮ್ಮನೆ ಕೂತಿದ್ದ. ಎಡಪಾದ ಕೆಳಗೆ ಒತ್ತುತ್ತದೆ, ಮೇಲೆ ಏಳುವುದಿಲ್ಲ. ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದ. ಸಂಜೆಯ ಹೊತ್ತಿಗೆ ಹೊಳೆದಾಗ ತನ್ನ ತಲೆಗೆ ತಾನೇ ಮೊಟಕಿಕೊಂಡ. ಹಳೆಯ ಬುಲೆಟ್ಟಿನಲ್ಲಿ ಗೇರ್ ಇರುವುದು ಬಲಗಡೆ! ಅವಳು ಸುಮ್ಮನೆ ಕೇಳಿದ್ದ ಪ್ರಶ್ನೆಗೆ ತಾನು ಹೆದರಿಕೆಯಿಂದ ತಪ್ಪು ಉತ್ತರ ಕೊಟ್ಟಿದ್ದ. ಕೂಡಲೇ ಫೋನ್ ತೆಗೆದು ಅಂಥದ್ದೊಂದು ಬುಲೆಟ್ಟಿಗಾಗಿ ಊರೂರು ವಿಚಾರಿಸತೊಡಗಿದ.

ಮರುದಿನ ಕಾಪುವಿನಲ್ಲಿ ಅವಳ ಮನೆಯ ಬಾಗಿಲು ತೆರೆದವರು ತಾಯಿ ಗುಣವತಿ.

"ಬರ್ಲಿಕ್ಕೆ ಎರಡು ವರ್ಷ ಬೇಕಾಯ್ತಾ ನಿನಗೆ?" ಎಂದರು ಅವರು. ಮತ್ತೆ ಒಳಗೆ ತಿರುಗಿ, "ಮೋಕ್ಷಾ, ಬಂದಿದ್ದಾನೆ ನೋಡು. ಚಾ ಇಡ್ತೇನೆ."

ಅಷ್ಟೇ. ಇಷ್ಟು ದಿನ ಹೆದರಿದ್ದ ಬೈಗುಳ ಬರಲೇ ಇಲ್ಲ. ಅವನು ಕಂಡ ಕುರ್ಚಿಯಲ್ಲಿ ಕೂತುಬಿಟ್ಟ.

ಸರಿಯಾದ ಬೈಕ್ ಒಂದು ಸಿಕ್ಕಿದೆ ಎಂದು ಅವನು ಹೇಳಿದ ಮೇಲೆ, ಚಾ ಕುಡಿದು ಇಬ್ಬರೂ ಕಾರ್ಕಳ ದಾಟಿ ಬಜಗೋಳಿಗೆ ಹೋದರು. ನಿವೃತ್ತ ಬಸ್ ಡ್ರೈವರ್ ಪ್ಯಾಟ್ರಿಕ್ ಅಂಗಳದಲ್ಲಿ ತಮ್ಮ ಹಳೆಯ ಬುಲೆಟ್ಟನ್ನು ಒರೆಸಿ, ಸ್ಟ್ಯಾಂಡ್ ಹಾಕಿ ಇಟ್ಟಿದ್ದರು.

"ಕೂತ್ಕೋ," ಎಂದ ಲಕ್ಷಿತ್. "ಗೇರ್ ಬಲಗಾಲಿಗೆ. ಒಂದು ಮೇಲೆ, ಮೂರು ಕೆಳಗೆ. ಕಿಕ್ಕರ್ ಕೂಡ ಬಲಗಡೆ. ಎಡಗಾಲಿಗೆ ಬ್ರೇಕ್ ಮಾತ್ರ, ಒತ್ತಿದರೆ ಸಾಕು. ಆ ಪೆಡಲನ್ನು ಅಗಲ ಮಾಡಿ, ಮುಂದಿನ ಚಕ್ರಕ್ಕೆ ಹೊಸ ಡಿಸ್ಕ್ ಕೂರಿಸ್ತೇನೆ. ಸೀಟು ತಗ್ಗಿಸ್ತೇನೆ."

ಮೋಕ್ಷಾ ಕೂತು ಬಲಗಾಲಲ್ಲಿ ಗೇರ್ ಹಾಕಿದಳು. ಟಕ್. ಇನ್ನೊಂದು, ಮತ್ತೊಂದು. ಅವಳ ಕಣ್ಣು ತುಂಬಿತು. ಪ್ಯಾಟ್ರಿಕ್ ಕೆಮ್ಮಿ, ಕಾಗದಪತ್ರ ತರುತ್ತೇನೆಂದು ಒಳಗೆ ಹೋದರು.

"ನಿನ್ನ ಕಾಲು ನೋಡಿ ಓಡಲಿಲ್ಲ ನಾನು," ಲಕ್ಷಿತ್ ಮೆಲ್ಲನೆ ಹೇಳಿದ. "ನನ್ನ ಕೈ ನೋಡಿ ಓಡಿದ್ದು. ಅವತ್ತು ಹ್ಯಾಂಡಲ್ ಹಿಡಿದದ್ದು ಈ ಕೈ ಅಲ್ವಾ?"

"ನಾಯಿಯನ್ನು ಉಳಿಸಿದ್ದೂ ಅದೇ ಕೈ. ನಾನು ಹಿಂದೆ ಕೂತು ನೋಡಿದ್ದೇನೆ." ಅವಳು ಆ ಕೈಯನ್ನು, ಗ್ರೀಸ್ ಸಮೇತ, ಹಿಡಿದುಕೊಂಡಳು. "ನೀನು ಬೀಳಿಸಿದೆ ಅಂತ ಒಂದು ದಿನವೂ ಸಿಟ್ಟು ಬರಲಿಲ್ಲ ನನಗೆ. ಬರಲಿಲ್ಲವಲ್ಲ ನೀನು, ಅದಕ್ಕೆ ಬಂತು. ತುಂಬಾ ಬಂತು."

"ಇನ್ನು ದಿನಾ ಬರ್ತೇನೆ. ಸಾಕು ಅಂದರೂ ಬರ್ತೇನೆ. ನೀನಿಲ್ಲದೆ ನನಗೆ ಆಗುವುದಿಲ್ಲ ಮಾರಾಯ್ತಿ."

ಹೇಳಿ ಮುಗಿಸಿದ ಮೇಲೆ ಅವನಿಗೆ ಉಸಿರಾಡುವುದು ಇಷ್ಟು ಸುಲಭವಾ ಅನಿಸಿತು.

ಮೋಕ್ಷಾ ಗೇರನ್ನು ನ್ಯೂಟ್ರಲಿಗೆ ತಂದು, ಎದ್ದು ನಿಂತು ಬಲಗಾಲಲ್ಲಿ ಕಿಕ್ಕರ್ ಒದ್ದಳು. ಮೂರನೆಯ ಒದೆತಕ್ಕೆ ಎಂಜಿನ್ ಗುಡುಗಿತು. ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ಎಷ್ಟು ದಿನ ಬೇಕು?" ಸದ್ದಿನ ನಡುವೆ ಕೂಗಿ ಕೇಳಿದಳು.

"ಮೂರು ತಿಂಗಳು!"

"ಜಾಸ್ತಿ ಆಯ್ತು. ಎರಡರಲ್ಲಿ ಮುಗಿಸು."

"ಬೈಕಾ, ಮದುವೆಯಾ?"

ಅವಳು ಓರೆಗಣ್ಣಲ್ಲಿ ಅವನನ್ನು ನೋಡಿ, ಎಂಜಿನ್ ಆಫ್ ಮಾಡಿದಳು. "ಈಗ ಕೇಳಿದ್ದನ್ನು ಇನ್ನೊಮ್ಮೆ ಕೇಳು. ಸರಿಯಾಗಿ ಕೇಳಿಸಬೇಕು ನನಗೆ."