ಮೂರನೇ ಗುಳಿಯ ಎಡಗಡೆ

ಕುಶಾಲಪ್ಪ ಚೆಂಡನ್ನು ಎಡಗೈಯಲ್ಲಿ ಕೊಟ್ಟ. ಜಗಳ ಶುರುವಾದದ್ದು ಅಲ್ಲಿಂದ.

ಸಾವಿರದ ಒಂಬೈನೂರ ಐವತ್ತೆಂಟರ ದೀಪಾವಳಿ ಕಳೆದ ಮೊದಲ ಭಾನುವಾರ ಅದು. ಮಡಂತ್ಯಾರಿನ ಮೇಲಿನ ಪದವಿನಲ್ಲಿ, ಮುಳಿಹುಲ್ಲು ಆಗಷ್ಟೇ ಒಣಗತೊಡಗಿದ್ದ ಕೆಂಪು ಮುರಕಲ್ಲಿನ ಎತ್ತರದ ಬಯಲಿನಲ್ಲಿ, ಲೋಲಾಕ್ಷಿ ಹೊಡೆದ ಗಾಲ್ಫ್ ಚೆಂಡು ಕಲ್ಲಿಗೆ ತಾಗಿ ಎತ್ತಲೋ ಹಾರಿತು. ಹೊಸ ರಸ್ತೆಗೆ ಅಳತೆ ಮಾಡುತ್ತಿದ್ದ ಓವರ್ಸೀಯರ್ ಕುಶಾಲಪ್ಪನ ಕಾಲಬುಡದಲ್ಲಿ ಬಿತ್ತು. ಅವನು ಹೆಕ್ಕಿದ, ನಗುತ್ತ ಚಾಚಿದ. ಬಲಗೈಯಲ್ಲಿ ಅಳತೆಕೋಲು ಇತ್ತು ಎನ್ನುವುದು ನಿಜ. ಆದರೆ ಕೋಲನ್ನು ಕೆಳಗಿಡಲು ಎಷ್ಟು ಹೊತ್ತು ಬೇಕು?

ಲೋಲಾಕ್ಷಿ ಕೈ ಚಾಚಲಿಲ್ಲ.

"ಎಡಗೈಯಲ್ಲಿ ನಮ್ಮ ಮನೆಯ ನಾಯಿಗೂ ಅನ್ನ ಹಾಕುವುದಿಲ್ಲ" ಎಂದಳು.

"ನಾನು ಹುಟ್ಟಿದ್ದೇ ಎಡಚನಾಗಿ. ಎಂತ ಮಾಡುವುದು?"

"ಕಲಿಯುವುದು" ಎಂದು ಹೇಳಿ ಅವಳು ಬೇರೆ ಚೆಂಡು ತೆಗೆದುಕೊಂಡಳು. ಅವನು ಆ ಚೆಂಡನ್ನು ಹತ್ತಿರದ ಕಲ್ಲಿನ ಮೇಲಿಟ್ಟು ಹೋದ. ಅವಳು ಅದನ್ನು ಸಂಜೆಯವರೆಗೂ ಮುಟ್ಟಲಿಲ್ಲ. ಹಟ ಎಂದರೆ ಹಟ.

ಅವನು ನರಿಕೊಂಬಿನವನು, ಇವಳು ಮಡಂತ್ಯಾರಿನವಳು. ಇಬ್ಬರ ಮನೆಮಾತೂ ತುಳು. ಆದರೂ ಆ ದಿನ ಕನ್ನಡದಲ್ಲಿ ಶುರುವಾದ ಮಾತು ಕನ್ನಡದಲ್ಲೇ ಉಳಿಯಿತು. ಹೆಡ್‌ಮಾಸ್ಟರ ಎದುರು ಆಡುವಂಥ, ಇಸ್ತ್ರಿ ಹಾಕಿದ ಕನ್ನಡ. ಇಬ್ಬರು ತುಳುವರ ನಡುವೆ ಗೋಡೆ ಕಟ್ಟಲು ಅದಕ್ಕಿಂತ ಒಳ್ಳೆಯ ಕಲ್ಲು ಸಿಗುವುದಿಲ್ಲ.

ಮಡಂತ್ಯಾರಿಗೂ ಗಾಲ್ಫಿಗೂ ಎಲ್ಲಿಯ ಸಂಬಂಧ ಎಂದರೆ, ಅದಕ್ಕೆಲ್ಲ ಕಾರಣ ಲೋಲಾಕ್ಷಿಯ ಸೋದರಮಾವ ಧರ್ಣಪ್ಪ. ಘಟ್ಟದ ಮೇಲೆ ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿ ಅವರು ವರ್ಷಗಟ್ಟಲೆ ಲೆಕ್ಕ ಬರೆಯುವ ರೈಟರಾಗಿದ್ದರು. ದೊರೆ ತನ್ನ ದೇಶಕ್ಕೆ ಹೊರಟಾಗ ಆಟದ ಕೋಲುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಸಿ ಅವರಿಗೆ ಕೊಟ್ಟುಹೋದ. ಧರ್ಣಪ್ಪ ಊರಿಗೆ ಮರಳಿ, ಏನೂ ಬೆಳೆಯದ ಪದವಿನಲ್ಲಿ ನಾಲ್ಕು ಗುಳಿ ತೋಡಿಸಿದರು. ಹೊಡೆಯುವ ಜಾಗದಿಂದ ಗುಳಿಗೆ ದೂರ ನಾಲ್ಕರಲ್ಲೂ ಗಿಡ್ಡ, ಮೂರು ಹೊಡೆತದಲ್ಲಿ ಚೆಂಡು ಒಳಗೆ ಬೀಳಬೇಕು. ಊರವರು ತಲೆ ಸರಿಯಿಲ್ಲ ಎಂದರು. ಸೋದರಸೊಸೆ ಲೋಲಾಕ್ಷಿ ಮಾತ್ರ ಕೋಲು ಹಿಡಿದಳು.

ಲೋಲಾಕ್ಷಿ ಊರಿನ ಶಾಲೆಯಲ್ಲಿ ಟೀಚರ್. ಅಲ್ಲಿ ಎಲ್ಲವೂ ಸರಕಾರದ್ದು, ಮನೆಯಲ್ಲಿ ಎಲ್ಲವೂ ಕುಟುಂಬದ್ದು. ಅವಳದ್ದೇ ಎಂದು ಇದ್ದದ್ದು ಮೂರನೇ ಗುಳಿ. ಜಾಗ ಹುಡುಕಿದವಳು, ಮುಳ್ಳು ಸವರಿದವಳು, ದಿಬ್ಬ ಮಾಡಿದವಳು ಅವಳೇ.

ಹೊಡೆಯುವ ಜಾಗ ಒಂದು ಎತ್ತರದ ಹಾಸುಬಂಡೆ. ಎದುರಿಗೆ ಹಿಂದೊಮ್ಮೆ ಮನೆಗೆ ಕಲ್ಲು ಕಡಿದು ಬಿಟ್ಟ ಹೊಂಡ, ಅದರಲ್ಲಿ ಮಳೆನೀರು. ಆಚೆಗೆ ಮರಳಿಗೆ ಲಾರಿಯ ಹಳೇ ಎಣ್ಣೆ ಕಲಸಿ ಹಲಗೆಯಿಂದ ಸವರಿದ ಸಣ್ಣ ಅಂಗಳ. ನಡುವೆ ಗುಳಿ, ಗುಳಿಯಲ್ಲಿ ಕೆಂಪು ಬಟ್ಟೆ ಕಟ್ಟಿದ ಬಿದಿರು. ಬಲಗಡೆ ದಿಬ್ಬ. ದಿಬ್ಬಕ್ಕೆ ತಾಗಿದ ಚೆಂಡು ನಿಂತೇಬಿಟ್ಟಿತು ಎನ್ನುವಾಗ ಮನಸ್ಸು ಬದಲಿಸಿ ಮೆಲ್ಲನೆ ಅಂಗಳಕ್ಕೆ ಇಳಿಯುತ್ತದೆ. ಆ ಇಳಿಯುವಷ್ಟು ಹೊತ್ತು ನೋಡುವವರ ಉಸಿರು ನಿಲ್ಲುತ್ತದೆ. ಇಡೀ ಪದವಿನಲ್ಲಿ ಲೋಲಾಕ್ಷಿಗೆ ಬೇಕಾದದ್ದು ಆ ಒಂದು ಗಳಿಗೆ.

ಆ ಗುಳಿಗೆ ಈಗ ಕುತ್ತು ಬಂದಿತ್ತು. ಭಾನುವಾರ ಆಡಲು ಬಂದಿದ್ದ ಮೂಡಬಿದ್ರೆಯ ವಕೀಲರೊಬ್ಬರು, ಇದು ಮಕ್ಕಳಾಟ, ನಿಜವಾದ ಗಾಲ್ಫಿಗೆ ಉದ್ದ ಬೇಕು ಎಂದು ನಕ್ಕಿದ್ದರು. ಧರ್ಣಪ್ಪನಿಗೆ ನಗೆ ತಡೆಯುವ ಶಕ್ತಿ ಇಲ್ಲ. ಹೊಂಡ ಮುಚ್ಚಿಸಿ, ಮೂರನ್ನೂ ನಾಲ್ಕನ್ನೂ ಸೇರಿಸಿ ಒಂದು ಉದ್ದದ ಗುಳಿ ಮಾಡುವ ಯೋಚನೆ ಹತ್ತಿತು. ಅಷ್ಟರಲ್ಲಿ ಹೊಸ ಓವರ್ಸೀಯರ್ ಯಾವುದೋ ಅಣೆಕಟ್ಟಿನ ಕ್ಯಾಂಪಿನಲ್ಲಿ ಈ ಆಟ ಕಲಿತವನೆಂದು ಗೊತ್ತಾಯಿತು. ರಸ್ತೆ ಕೆಲಸ ಮುಗಿಯುವವರೆಗೆ ಪ್ರತಿ ಭಾನುವಾರ ಆಡು, ಮಳೆಗಾಲದ ಮೊದಲು ನಿನ್ನ ಅಭಿಪ್ರಾಯ ಹೇಳು, ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದು ಧರ್ಣಪ್ಪ ಮಾತು ಕೊಟ್ಟುಬಿಟ್ಟರು.

ಅಂದರೆ ಲೋಲಾಕ್ಷಿಯ ಗುಳಿಯ ಆಯುಸ್ಸು ಕುಶಾಲಪ್ಪನ ಕೈಯಲ್ಲಿತ್ತು. ಅದೂ ಎಡಗೈಯಲ್ಲಿ.

ಗೋಣಿಚೀಲದ ತಳದಲ್ಲಿ ಎಡಚರ ಕೋಲು ಒಂದಿತ್ತು. ತುಕ್ಕು ಹಿಡಿದಿದ್ದ ಅದನ್ನು ಅವನು ಕಳೆದುಹೋದ ತಮ್ಮನನ್ನು ಕಂಡವನಂತೆ ಎತ್ತಿಕೊಂಡ. ಮಿಕ್ಕ ಮೂರು ಗುಳಿಗಳಲ್ಲಿ ಅವನೇ ಗೆಲ್ಲುತ್ತಿದ್ದ. ಮೂರನೆಯದಕ್ಕೆ ಬಂದಾಗ ಅವನ ಚೆಂಡು ಚಂದಕ್ಕೆ ಹಾರಿ ಹೊಂಡಕ್ಕೆ ಬೀಳುತ್ತಿತ್ತು. ಬಲಕ್ಕೆ ಗುರಿಯಿಟ್ಟರೆ ದಿಬ್ಬ ದಾಟಿ ಗೇರುಗಿಡಗಳೊಳಗೆ ಮಾಯ. ಲೋಲಾಕ್ಷಿಗೆ ಅದನ್ನು ನೋಡುವುದೇ ಹಬ್ಬ.

"ಉದ್ದ ಇಲ್ಲದಿದ್ದರೆ ನಿಮಗೆ ಕಷ್ಟ ಅಂತ ಕಾಣ್ತದೆ" ಎಂದು ಒಮ್ಮೆ ಚುಚ್ಚಿದಳು. "ಉದ್ದದ ಗುಳಿಯಲ್ಲಿ ಒಂದು ಹೊಡೆತ ತಪ್ಪಿದರೆ ಮುಂದಿನದರಲ್ಲಿ ಮುಚ್ಚಿಕೊಳ್ಳಬಹುದು. ಇಲ್ಲಿ ನೆಪ ಹೇಳ್ಲಿಕ್ಕೆ ಜಾಗ ಇಲ್ಲ. ನಮ್ಮ ಪೂವಮ್ಮನೂ ಬಲಬದಿಯಲ್ಲಿ ಉರುಳಿಸಿ ಅಂಗಳ ಮುಟ್ಟಿಸ್ತಾರೆ."

ಪೂವಮ್ಮ ಆ ಮನೆಯ ಹಳೇ ಕೆಲಸದಾಕೆ. ದನ ಹುಡುಕಲು ಬಂದವರು ಕೋಲು ಇಸಿದುಕೊಂಡು ಒಂದು ಬಾರಿಸಿ ಹೋಗುವುದುಂಟು.

"ಗುಳಿ ಚಂದ ಉಂಟು ಟೀಚರ್. ಆದರೆ ಒಂದು ತಪ್ಪು ಉಂಟು" ಎಂದ ಕುಶಾಲಪ್ಪ.

"ಎಂತ ತಪ್ಪು?"

"ನೀವೇ ನೋಡಿ. ನಾನು ಹೇಳಿದರೆ ನೀವು ನಂಬುವವರಲ್ಲ."

ಅವಳಿಗೆ ಮೈ ಉರಿಯಿತು. ಸೋತವನು ತಪ್ಪು ಹುಡುಕುತ್ತಾನೆ ಎಂದುಕೊಂಡಳು. ಉರಿ ರಾತ್ರಿ ಊಟದವರೆಗೂ ಆರಲಿಲ್ಲ.

ಆ ಆಟದಲ್ಲಿ ಒಂದು ಮರ್ಯಾದೆ ಉಂಟು. ಎದುರಾಳಿಯ ಚೆಂಡು ಗುಳಿಯ ಪಕ್ಕವೇ ನಿಂತರೆ, ಇನ್ನು ಹೊಡೆಯುವುದು ಬೇಡ, ಒಳಗೆ ಬಿತ್ತೆಂದೇ ಲೆಕ್ಕ ಎಂದು ಅದನ್ನು ಹೆಕ್ಕಿ ಅವರ ಕೈಗೆ ಕೊಡುವುದು. ವಕೀಲರು ಧರ್ಣಪ್ಪನಿಗೆ ಕೊಡುತ್ತಿದ್ದರು, ಧರ್ಣಪ್ಪ ವಕೀಲರಿಗೆ. ಇವರಿಬ್ಬರು ಒಂದು ದಿನವೂ ಕೊಡಲಿಲ್ಲ. ಚೆಂಡು ಗುಳಿಯ ಬಾಯಲ್ಲೇ ನಿಂತಿದ್ದರೂ, ಹೊಡೆಯಿರಿ, ನೋಡುವ ಎಂದು ಕೈಕಟ್ಟಿ ನಿಲ್ಲುತ್ತಿದ್ದರು.

ಆದರೂ ಲೋಲಾಕ್ಷಿಯ ಕಣ್ಣಿಗೆ ಬೇಡದ್ದೊಂದು ಬೀಳತೊಡಗಿತು. ಅವಳಿಗೆ ಏನಾದರೂ ಕೊಡಬೇಕಾದಾಗ, ನೀರಿನ ಚೊಂಬಾಗಲಿ ಬಿದ್ದ ಕರ್ಚೀಫಾಗಲಿ, ಕುಶಾಲಪ್ಪ ಎಡಗೈಯಲ್ಲಿ ಎತ್ತುತ್ತಿದ್ದ. ಮತ್ತೆ ತಡೆದು ಬಲಗೈಗೆ ದಾಟಿಸುತ್ತಿದ್ದ. ಆ ಗಡಿಬಿಡಿಯಲ್ಲಿ ನೀರು ಚೆಲ್ಲುತ್ತಿತ್ತು. ಕಿವಿ ಕೆಂಪಾಗುತ್ತಿತ್ತು. ಮೊದಮೊದಲು ಅವಳು ಒಳಗೊಳಗೇ ನಕ್ಕಳು. ಆಮೇಲೆ ನಗು ಬರಲಿಲ್ಲ. ಆಮೇಲಾಮೇಲೆ, ಕೈಗೆ ಸಿಗುವ ಚೊಂಬನ್ನೂ ಅವನ ಹತ್ತಿರ ಕೇಳಿ ಇಸಿದುಕೊಳ್ಳತೊಡಗಿದಳು. ಹಾಗೆ ಕೇಳುತ್ತಿದ್ದೇನೆಂದು ತನಗೇ ಗೊತ್ತಾದ ದಿನ ಅವನ ಮೇಲೆ ಇನ್ನೂ ಸಿಟ್ಟು ಬಂತು.

ಏಪ್ರಿಲಿನ ಬಿಸು ಹಬ್ಬ ಕಳೆದು ಬಿಸಿಲು ಏರಿತು, ಹೊಂಡದ ನೀರು ಬತ್ತಿತು. ಕಳೆದ ಚೆಂಡುಗಳನ್ನು ಹೆಕ್ಕಲು ಲೋಲಾಕ್ಷಿ ಒಂದು ಸಂಜೆ ಕೆಳಗಿಳಿದಳು. ವಕೀಲರ ಚೆಂಡುಗಳು, ಮಾವನವು, ಅವಳವೇ ಕೆಲವು, ಹೊಂಡದ ತುಂಬ ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಕುಶಾಲಪ್ಪ ತನ್ನ ಚೆಂಡಿಗೆ ಬಟ್ಟೆಗೆ ಹಾಕುವ ನೀಲಿಯಿಂದ ಚುಕ್ಕಿ ಇಡುತ್ತಿದ್ದ. ನೀಲಿ ಚುಕ್ಕಿಯವು ಎಲ್ಲವೂ ಎಡಬದಿಯ ಒಂದೇ ಮೂಲೆಯಲ್ಲಿ, ಕೋಳಿ ಮೊಟ್ಟೆ ಇಟ್ಟ ಹಾಗೆ ಒತ್ತೊತ್ತಾಗಿ ಕೂತಿದ್ದವು.

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಆಟ ಬಾರದವನ ಚೆಂಡು ಹೀಗೆ ಬೀಳುವುದಿಲ್ಲ. ಅವನು ಪ್ರತಿ ಸಲವೂ ಸರಿಯಾಗಿಯೇ ಹೊಡೆದಿದ್ದ. ಅವಳ ಚೆಂಡು ಬಲದಿಂದ ಎಡಕ್ಕೆ ಬಾಗುತ್ತದೆ, ದಿಬ್ಬ ಅದನ್ನು ಕರೆದು ಒಳಗೆ ಕಳಿಸುತ್ತದೆ. ಎಡಚನ ಚೆಂಡು ಎಡದಿಂದ ಬಲಕ್ಕೆ ಬಾಗುತ್ತದೆ. ಆ ಕಡೆಯಲ್ಲಿ ಅದನ್ನು ಕರೆಯುವವರೇ ಇಲ್ಲ. ಪೂವಮ್ಮನಿಗೆ ದಾರಿ ಇಟ್ಟಿದ್ದಳು, ಮಾವನಿಗೆ ಇಟ್ಟಿದ್ದಳು. ತನಗಾಗದ ಎಡಗೈಗೂ ಒಂದು ದಾರಿ ಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಎಡಗೈ ಎಂದರೆ ಅಶುಭ ಎಂದು ಕಲಿಸಿದ ಊರಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು, ಇಷ್ಟು ದಿನ ತೆಪ್ಪಗೆ ಸೋತವನ ಮೇಲೆ ಬಂತು. ಆ ಸಿಟ್ಟಿಗೆ ಬೇರೆ ಹೆಸರು ಉಂಟೆಂದು ಅವಳಿಗೆ ಗೊತ್ತಿತ್ತು. ಹೆಸರಿಡಲು ಮನಸ್ಸಾಗಲಿಲ್ಲ.

ಶಾಲೆಗೆ ಬೇಸಿಗೆ ರಜೆ; ಮರುದಿನದಿಂದ ಪ್ರತಿ ಸಂಜೆ ಬುಟ್ಟಿ ಹಿಡಿದಳು. ಹೊಂಡದ ಎಡಮೂಲೆಯನ್ನು ಮುರಕಲ್ಲಿನ ಚೂರು, ಕೆಂಪುಮಣ್ಣಿನಿಂದ ತುಂಬಿಸಿ, ಅಂಗಳದ ಕಡೆಗೆ ಇಳಿಜಾರಾಗುವ ಒಂದು ದಂಡೆ ಕಟ್ಟತೊಡಗಿದಳು. ಮುಕ್ಕಾಲು ಹೊಂಡವನ್ನು ಹಾಗೆಯೇ ಬಿಟ್ಟಳು. ಹೆದರಿಕೆಯೇ ಇಲ್ಲದ ಗುಳಿಯಲ್ಲಿ ಆಡುವುದು ಎಂತದ್ದು?

ಮಣ್ಣು ಹೊರಲು ಸೇರಿದ ಪೂವಮ್ಮ, ಇದು ಯಾರಿಗೆ ದಾರಿ ಎಂದು ಕೇಳಿದರು. ಎಡಚರಿಗೆ ಎಂದಳು ಲೋಲಾಕ್ಷಿ.

"ಊರಲ್ಲಿ ಎಷ್ಟು ಜನ ಎಡಚರಿದ್ದಾರೆ ಮಗಾ?"

ಲೋಲಾಕ್ಷಿ ಮಣ್ಣು ತುಳಿದಳು, ಬೇಕಾದ್ದಕ್ಕಿಂತ ಜೋರಾಗಿ.

ರಸ್ತೆ ಬೆಳ್ತಂಗಡಿ ಮುಟ್ಟಿತು. ಕುಶಾಲಪ್ಪನಿಗೆ ಘಟ್ಟದ ಮೇಲಿನ ಕೆಲಸಕ್ಕೆ ಆರ್ಡರ್ ಬಂತು. ಹೊರಡುವ ಮೊದಲಿನ ಭಾನುವಾರ ಅಭಿಪ್ರಾಯ ಹೇಳಲು ಪದವಿಗೆ ಬಂದ. ಧರ್ಣಪ್ಪ ಕುರ್ಚಿ ತರಿಸಿ ಅಂಗಳದ ಪಕ್ಕ ಕೂತಿದ್ದರು. ಲೋಲಾಕ್ಷಿ ಬಂಡೆಯ ಮೇಲೆ ನಿಂತಿದ್ದಳು, ಉಗುರಿನ ಸಂದಿನಲ್ಲಿ ಇನ್ನೂ ಕೆಂಪುಮಣ್ಣು.

ಅವನು ಬಂಡೆ ಹತ್ತಿ ಎದುರಿಗೆ ನೋಡಿದ. ಎಡಗಡೆ ನೋಡಿದ. ಕೋಲಿನ ತುದಿಯಿಂದ ಹೊಸ ದಂಡೆಯ ಇಳಿಜಾರನ್ನು ಗಾಳಿಯಲ್ಲೇ ಅಳೆದ.

"ಹೊಡೆಯಿರಿ. ನೋಡುವ" ಎಂದಳು.

ಅವನು ಎಂದಿನಂತೆಯೇ ಹೊಡೆದ. ಚೆಂಡು ಎಡಕ್ಕೆ ಹೊರಟು, ಹೊಂಡದ ಮೇಲೆ ಬಾಗಿ, ಹೊಸ ದಂಡೆಗೆ ಬಿದ್ದು ನಿಂತಿತು. ನಿಂತೇಬಿಟ್ಟಿತು ಎನ್ನುವಾಗ ಮನಸ್ಸು ಬದಲಿಸಿ ಮೆಲ್ಲನೆ ಬಲಕ್ಕೆ ಉರುಳಿತು. ಬಿದಿರಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅದು ಉರುಳುವಷ್ಟು ಹೊತ್ತು ಲೋಲಾಕ್ಷಿ ಚೆಂಡನ್ನು ನೋಡಲಿಲ್ಲ. ಅವನ ಮುಖ ನೋಡಿದಳು.

ಇಬ್ಬರೂ ಕೆಳಗೆ ನಡೆದು ಬಂದರು. ಧರ್ಣಪ್ಪ, ಈಗ ಹೇಳು ಮಾರಾಯ, ಉದ್ದ ಮಾಡುವುದೋ ಬೇಡವೋ ಎಂದರು.

"ಮುಟ್ಟಬೇಡಿ. ಇಂಥದ್ದು ಇನ್ನೊಂದು ನಿಮಗೆ ಸಿಗ್ಲಿಕ್ಕಿಲ್ಲ" ಎಂದ ಕುಶಾಲಪ್ಪ.

ಧರ್ಣಪ್ಪ ತಲೆಯಾಡಿಸಿ, ಚಹಾಕ್ಕೆ ಹೇಳಿ ಬರುತ್ತೇನೆಂದು ಎದ್ದು ಹೋದರು. ಅಂಗಳದಲ್ಲಿ ಇಬ್ಬರೇ ಉಳಿದರು. ಲೋಲಾಕ್ಷಿಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

"ಈ ದಂಡೆ ಇಲ್ಲದಿದ್ದರೆ ಎಂತ ಹೇಳ್ತಿದ್ರಿ?"

"ಇದನ್ನೇ. ಮೊದಲನೇ ವಾರವೇ ಹೇಳಬಹುದಿತ್ತು."

"ಮತ್ತೆ ಇಷ್ಟು ತಿಂಗಳು ನನ್ನನ್ನು ಯಾಕೆ ಹೆದರಿಸಿ ಇಟ್ರಿ?"

ಅವನು ಕೋಲಿನ ತುದಿಯಿಂದ ಮರಳಿನ ಮೇಲೆ ಗೆರೆ ಎಳೆದ, ಅಳಿಸಿದ.

"ಹೇಳಿದ್ದರೆ ನೀವು ಭಾನುವಾರ ಜಗಳಕ್ಕೆ ಬರ್ತಿರಲಿಲ್ಲ."

ಆಗ ಲೋಲಾಕ್ಷಿ ಬೈದಳು. ತುಳುವಿನಲ್ಲಿ ಬೈದಳು. ಹೊಟ್ಟೆಯೊಳಗಿಂದ, ಅಡುಗೆಮನೆಯ ತುಳುವಿನಲ್ಲಿ, ಏಕವಚನದಲ್ಲಿ. ಬುದ್ಧಿ ಇಲ್ಲದವನು ಎಂದಳು, ಸುಳ್ಳ ಎಂದಳು, ಘಟ್ಟದ ಮೇಲೆ ಹೋಗಿ ಯಾರ ಹತ್ತಿರ ಸೋಲುತ್ತೀ ಎಂದು ಕೇಳಿದಳು. ಕಣ್ಣು ತುಂಬಿದ್ದು ಅವಳಿಗೇ ಗೊತ್ತಾಗಲಿಲ್ಲ. ಅವನು ಮುಚ್ಚಿದ್ದ ಬಾಗಿಲು ತೆರೆದ ಮನೆಯ ಎದುರು ನಿಂತವನಂತೆ ಕೇಳಿಸಿಕೊಂಡ.

ಬೈಗುಳ ಮುಗಿದ ಮೇಲೆ ಅವನೂ ತುಳುವಿನಲ್ಲೇ ಮೆಲ್ಲನೆ ಕೇಳಿದ, ಮಾವನವರ ಹತ್ತಿರ ಮಾತಾಡಲಾ ಎಂದು.

"ಮೊದಲು ನನ್ನ ಹತ್ತಿರ ಕೇಳು" ಎಂದಳು.

"ನಿನ್ನ ಹತ್ತಿರವೇ ಕೇಳ್ತಾ ಇದ್ದೇನೆ."

ಅವಳು ಬಗ್ಗಿ, ಗುಳಿಯ ಪಕ್ಕ ನಿಂತಿದ್ದ ನೀಲಿ ಚುಕ್ಕಿಯ ಚೆಂಡನ್ನು ಹೆಕ್ಕಿದಳು. ಇನ್ನು ಹೊಡೆಯುವುದು ಬೇಡ ಎಂದು ಚಾಚಿದಳು. ಕುಶಾಲಪ್ಪ ಅವಸರದಲ್ಲಿ ಕೋಲನ್ನು ಎಡಗೈಗೆ ದಾಟಿಸಿ ಬಲಗೈ ಮುಂದೆ ಮಾಡಿದ. ಕಿವಿ ಕೆಂಪಾಗಿತ್ತು.

ಲೋಲಾಕ್ಷಿ ಚೆಂಡನ್ನು ಹಿಂದಕ್ಕೆ ಎಳೆದುಕೊಂಡಳು.

"ಆ ಕೈ ಅಲ್ಲ" ಎಂದಳು.